ಹಳೆಯ ಸೈಟೇಶನ್ ಜೆಟ್ ಕೊಂಡು ಹಾರಿಸುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಹಳೆಯ ಬಿಸಿನೆಸ್ ಜೆಟ್ ಕೊಳ್ಳಲು ಹೊರಟವರು ಎಡವುವುದು ಬಹುತೇಕ ಒಂದೇ ಕಡೆ. ಮೊದಲು ವಿಮಾನ ನೋಡುತ್ತಾರೆ, ಬೆಲೆ ಕೇಳಿ ಖುಷಿಪಡುತ್ತಾರೆ, ಮುಂಗಡ ಕೊಡುತ್ತಾರೆ. ಆಮೇಲೆ ವಿಮೆ ಹುಡುಕುತ್ತಾರೆ. ಎಂಜಿನ್ ದಾಖಲೆ ತೆರೆದು ನೋಡುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಪೂರ್ತಿ ಉಲ್ಟಾ. ಸರಿಯಾದ ಕ್ರಮ ಯಾವುದು ಅಂತ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಸೆಸ್ನಾ ಸೈಟೇಶನ್ 500 ಸರಣಿಯನ್ನು ಹಿಡಿದುಕೊಂಡಿದ್ದೇನೆ. ಅಂದರೆ 1970 ಮತ್ತು 80ರ ದಶಕದ 500, 501, 550, 551 ಮಾದರಿಗಳು. ಅಮೆರಿಕದಲ್ಲಿ ಮಾಲೀಕರೇ ಹಾರಿಸುವ ಹಳೆಯ ಜೆಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇವೇ. ನಿಯಮಗಳೂ ಅಮೆರಿಕದವು. ಅಲ್ಲಿರುವ, ಈಗಾಗಲೇ ಎರಡು ಎಂಜಿನ್ ವಿಮಾನ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಯೇ ಹಾರುವ ಅರ್ಹತೆ) ಇರುವ ಪೈಲಟ್‌ಗಳಿಗಾಗಿ ಇದನ್ನು ಬರೆದಿದ್ದೇನೆ.

## ಶುರುಮಾಡುವ ಮುಂಚೆ ಯಾರ್‍ಯಾರು ಬೇಕು

ಸೈಟೇಶನ್ ಕೆಲಸ ಗೊತ್ತಿರುವ, ಮಾರುವವರ ಜೊತೆ ಯಾವ ಸಂಬಂಧವೂ ಇಲ್ಲದ ಒಬ್ಬ ಮೆಕ್ಯಾನಿಕ್. ವಿಮಾನಗಳನ್ನೇ ನೋಡಿಕೊಳ್ಳುವ ವಿಮೆ ಬ್ರೋಕರ್. ವಿಮಾನ ವ್ಯವಹಾರ ಗೊತ್ತಿರುವ ವಕೀಲರು. ಹಣ ನಡುವೆ ಇಟ್ಟುಕೊಳ್ಳುವ ಎಸ್ಕ್ರೋ ಸಂಸ್ಥೆ. ಮೊದಲ ತಿಂಗಳುಗಳಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ಅನುಭವಿ ಪೈಲಟ್. ಈ ಐವರೂ ಸಿಗುವ ತನಕ ವಿಮಾನದ ಜಾಹೀರಾತು ನೋಡಲೇಬೇಡಿ. ಒಂದು ಚೆಂದದ ವಿಮಾನ ಕಣ್ಣಿಗೆ ಬಿತ್ತು ಅಂದರೆ ತಾಳ್ಮೆ ಹೋಗಿಬಿಡುತ್ತದೆ.

## ಹಂತ 1: ನಿಮ್ಮ ಹೆಸರಿಗೆ ನೋಂದಣಿ ಆಗುತ್ತಾ?

ಅಮೆರಿಕದ ನೋಂದಣಿ ಪಡೆಯಲು ಮಾಲೀಕರು ಅಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿ ಇರುವವರ ಹೆಸರಿಗೆ ನೇರವಾಗಿ ಆಗುವುದಿಲ್ಲ. ಅವರು ಟ್ರಸ್ಟ್ ಮೂಲಕ ಹೋಗಬೇಕು. ಅದಕ್ಕೆ ಪ್ರತಿ ವರ್ಷ ಖರ್ಚು ಇರುತ್ತದೆ.

ಗ್ರೀನ್ ಕಾರ್ಡ್ ಇರುವವರು ಇಲ್ಲೊಂದು ಕಡೆ ಸಿಕ್ಕಿಬೀಳುತ್ತಾರೆ. ಸ್ವಂತ ಹೆಸರಿಗೆ ನೋಂದಣಿ ಆಗುತ್ತದೆ, ಆದರೆ ಅವರದೇ ಸೀಮಿತ ಹೊಣೆಯ ಕಂಪನಿ, ಅಂದರೆ ಎಲ್‌ಎಲ್‌ಸಿ ಹೆಸರಿಗೆ ಹಾಗೆ ಸುಲಭವಾಗಿ ಆಗುವುದಿಲ್ಲ. ಕಂಪನಿಗೆ ಪೌರತ್ವದ ನಿಯಮ ಬೇರೆ. ಎಲ್‌ಎಲ್‌ಸಿ ತೆರೆಯುವ ಮುಂಚೆಯೇ ವಕೀಲರನ್ನು ಕೇಳಿ.

ಇನ್ನೊಂದು ಬಲೆ ಇದೆ. ವಿಮಾನ ಇಟ್ಟುಕೊಳ್ಳೋದು, ಹಾರಿಸೋದು ಬಿಟ್ಟು ಬೇರೆ ಕೆಲಸವೇ ಇಲ್ಲದ ಕಂಪನಿಯೊಂದನ್ನು ಮಾಡಿ, ಮಾಲೀಕರು ಅಥವಾ ಅವರ ಇನ್ನೊಂದು ಸಂಸ್ಥೆ ಅದಕ್ಕೆ ಹಾರಾಟದ ದುಡ್ಡು ಕೊಡುವುದು. ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕಣ್ಣಿಗೆ ಇದು ಪರವಾನಗಿ ಇಲ್ಲದ ಬಾಡಿಗೆ ವಿಮಾನ ಸೇವೆ. ಅಮೆರಿಕದ ಕನ್ನಡ ಕೂಟಗಳ ಅಕ್ಕ ಸಮ್ಮೇಳನಕ್ಕೆ ಹೊರಟ ಗೆಳೆಯರನ್ನು ಕೂರಿಸಿಕೊಂಡು ತಲೆಗಿಷ್ಟು ಅಂತ ಟಿಕೆಟ್ ದುಡ್ಡು ತೆಗೆದುಕೊಂಡರೂ ಅದೇ ತೊಂದರೆ. ಆ ಹಾರಾಟದ ನೇರ ಖರ್ಚಿನಲ್ಲಿ ಪೈಲಟ್ ತನ್ನ ಸಮಪಾಲು ಹಾಕಲೇಬೇಕು.

ಊರಿಗೆ, ಅಂದರೆ ಬೆಂಗಳೂರಿಗೆ ಇದನ್ನು ತಂದು ಇಟ್ಟುಕೊಳ್ಳುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ಭಾರತಕ್ಕೆ ಆಮದು ಮಾಡುವ ವಿಮಾನಕ್ಕೆ ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎ ವಯಸ್ಸಿನ ಮಿತಿ ಇಟ್ಟಿದೆ. 40 ವರ್ಷದ ಜೆಟ್ ಅದರೊಳಗೆ ಬರುವುದಿಲ್ಲ.

## ಹಂತ 2: ವಿಮಾನಕ್ಕಿಂತ ಮುಂಚೆ ವಿಮೆ

ನಿಮ್ಮ ಹಾರಾಟದ ಗಂಟೆ, ವಯಸ್ಸು, ರೇಟಿಂಗ್‌ಗಳನ್ನು ಬರೆದು ಬ್ರೋಕರ್‌ಗೆ ಕಳಿಸಿ. ಒಂದೇ ಪ್ರಶ್ನೆ ಕೇಳಿ: "ನಾನು 501 ಕೊಂಡರೆ ವಿಮೆ ಕೊಡುತ್ತೀರಾ, ಯಾವ ಷರತ್ತಿನ ಮೇಲೆ?" ಉತ್ತರ ಬರಹದಲ್ಲೇ ಬರಲಿ.

ಮೊದಲ ಸಲ ಜೆಟ್ ಹಾರಿಸುವವರಿಗೆ ಸಾಮಾನ್ಯವಾಗಿ ಎರಡು ಷರತ್ತು ಬರುತ್ತವೆ. ಪ್ರತಿ ವರ್ಷ ಸಿಮ್ಯುಲೇಟರ್ ತರಬೇತಿ ಒಂದು. ಅನುಭವಿ ಪೈಲಟ್ ಜೊತೆ ಇಷ್ಟು ಗಂಟೆ ಹಾರಿದ ಮೇಲಷ್ಟೇ ಒಬ್ಬರೇ ಹಾರಬಹುದು ಅನ್ನೋದು ಇನ್ನೊಂದು. ವಯಸ್ಸಾದ ಪೈಲಟ್, ಹಳೆಯ ಜೆಟ್ ಎರಡೂ ಸೇರಿದರೆ ಕೆಲವು ಕಂಪನಿಗಳು ಬೇಡ ಅಂದುಬಿಡುತ್ತವೆ. ಆ ಮಾತು ಮುಂಗಡ ಕೊಡುವ ಮುಂಚೆ ಗೊತ್ತಾದರೆ ನಷ್ಟ ಏನೂ ಇಲ್ಲ.

## ಹಂತ 3: ಯಾವ ಮಾದರಿ?

ಟೈಪ್ ರೇಟಿಂಗ್, ಅಂದರೆ ಆಯಾ ವಿಮಾನಕ್ಕೆಂದೇ ಪೈಲಟ್ ಪಡೆಯುವ ಅರ್ಹತೆ, ನಾಲ್ಕಕ್ಕೂ ಒಂದೇ. ಆದರೆ ಒಬ್ಬರೇ ಹಾರಿಸಬಹುದೇ ಅನ್ನೋದು ಮಾದರಿಯ ಮೇಲೆ ನಿಂತಿದೆ. 501 ಮತ್ತು 551 ಒಬ್ಬ ಪೈಲಟ್‌ಗೆ ಪ್ರಮಾಣೀಕರಿಸಿದ ವಿಮಾನಗಳು. 500 ಮತ್ತು 550ಕ್ಕೆ ಇಬ್ಬರು ಬೇಕು. ಅವನ್ನು ಒಬ್ಬರೇ ಹಾರಿಸಬೇಕಾದರೆ ವಿಶೇಷ ವಿನಾಯಿತಿ ಪಡೆದು, ಪ್ರತಿ ವರ್ಷ ಅದಕ್ಕೆಂದೇ ತರಬೇತಿ ಮಾಡಬೇಕು. 551 ಅಂದರೆ ಹೆಚ್ಚುಕಡಿಮೆ 550 ವಿಮಾನವೇ, ತೂಕವನ್ನು 12,500 ಪೌಂಡ್‌ಗೆ ಇಳಿಸಿದ್ದಾರೆ ಅಷ್ಟೆ. ಹಾಗಾಗಿ ಟ್ಯಾಂಕ್ ತುಂಬಿಸಿದರೆ ಜನರಿಗೆ ಉಳಿಯುವ ತೂಕ ಕಡಿಮೆ.

ಒಬ್ಬ ಪೈಲಟ್ ಹಾರಾಟಕ್ಕೆ ಆಟೋಪೈಲಟ್ ಕೆಲಸ ಮಾಡುತ್ತಿರಲೇಬೇಕು. ಆಟೋಪೈಲಟ್ ಕೆಟ್ಟ 501 ಕೊಂಡರೆ ನೀವು ಕೊಂಡಿದ್ದು ಇಬ್ಬರು ಪೈಲಟ್ ಬೇಕಾದ ವಿಮಾನ. "ಸಣ್ಣ ರಿಪೇರಿ" ಅಂತ ಮಾರುವವರು ಹೇಳುತ್ತಾರೆ. ಹಳೆಯ ಆಟೋಪೈಲಟ್‌ಗಳ ಜೈರೋ, ಕಂಪ್ಯೂಟರ್ ಸರಿಮಾಡುವವರು ಈಗ ಕಡಿಮೆ. ಆ ಮಾತನ್ನು ನಂಬಬೇಡಿ.

ಮುಂದಿನ ಪ್ರಶ್ನೆ, ವಿಮಾನಗಳ ನಡುವಿನ ಎತ್ತರದ ಅಂತರ ತಗ್ಗಿಸಿದ ವ್ಯವಸ್ಥೆ, ಅಂದರೆ ಆರ್‌ವಿಎಸ್‌ಎಮ್. 2005ರ ಜನವರಿ 20ರಿಂದ ಅಮೆರಿಕದಲ್ಲಿ 29,000 ಅಡಿಯಿಂದ 41,000 ಅಡಿಯವರೆಗೆ ಹಾರಲು ಎತ್ತರವನ್ನು ನಿಖರವಾಗಿ ಹಿಡಿಯುವ ಉಪಕರಣ ಬೇಕು. ಅದನ್ನು ಹಾಕಿಸದೇ ಉಳಿದ ಹಳೆಯ ಸೈಟೇಶನ್‌ಗಳು ಅಗ್ಗಕ್ಕೆ ಸಿಗುತ್ತವೆ. ಕಾರಣ ಇದೆ. ಆ ವಿಮಾನ 28,000 ಅಡಿಯಲ್ಲೇ ಉಳಿಯುತ್ತದೆ. ಅಲ್ಲಿ ಗಾಳಿ ದಟ್ಟ, ಇಂಧನ ಸಿಕ್ಕಾಪಟ್ಟೆ ಖರ್ಚಾಗುತ್ತದೆ, ದೂರ ಕುಗ್ಗುತ್ತದೆ, ಮೋಡದ ಮೇಲೆ ಹೋಗಲೂ ಆಗುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಆರ್‌ವಿಎಸ್‌ಎಮ್ ಇಲ್ಲದ ಜೆಟ್ ಎಷ್ಟು ಅಗ್ಗವಾಗಿದ್ದರೂ ಬೇಡ.

ವಿಮಾನ ಎಲ್ಲಿದೆ ಅಂತ ತಾನೇ ಪ್ರಸಾರ ಮಾಡುವ ಎಡಿಎಸ್-ಬಿ ಉಪಕರಣ 2020ರ ಜನವರಿ 1ರಿಂದ ಕಡ್ಡಾಯ. ಅದು ಇದೆಯಾ ಅಂತ ಕೇಳಿ ಮುಂದೆ ಹೋಗಿ.

ಇದೇ ಬೆಲೆಗೆ ಲಿಯರ್‌ಜೆಟ್ 24, 25 ಥರದ ವೇಗದ ಜೆಟ್‌ಗಳೂ ಕಣ್ಣಿಗೆ ಬೀಳುತ್ತವೆ. ಅವುಗಳ ಎಂಜಿನ್ ಸದ್ದು ಜಾಸ್ತಿ. 2015ರ ಡಿಸೆಂಬರ್ 31ರ ನಂತರ, ಸದ್ದು ತಗ್ಗಿಸುವ ಕಿಟ್ ಹಾಕಿಸದ ಅಂಥ ಜೆಟ್‌ಗಳು ಅಮೆರಿಕದ ಮುಖ್ಯ ಭೂಭಾಗದಲ್ಲಿ ಹಾರುವಂತಿಲ್ಲ. ಸೈಟೇಶನ್‌ಗೆ ಈ ತಲೆನೋವು ಇಲ್ಲ.

## ಹಂತ 4: ಬೆಲೆ ಬಿಡಿ, ಎಂಜಿನ್ ಗಂಟೆ ನೋಡಿ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಹಳೆಯ ಜೆಟ್‌ನ ಬೆಲೆ ಇರುವುದು ಎಂಜಿನ್‌ನಲ್ಲಿ. ಉಳಿದ ವಿಮಾನ ಅದರ ಜೊತೆ ಬರುತ್ತದೆ.

ಇವುಗಳಲ್ಲಿ ಇರುವುದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಜೆಟಿ15ಡಿ ಎಂಜಿನ್. ಸಾಮಾನ್ಯವಾಗಿ 3,500 ಗಂಟೆಗೆ ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಓವರ್‌ಹಾಲ್. ನಡುವೆ, 1,750 ಗಂಟೆಗೆ, ಬೆಂಕಿ ಉರಿಯುವ ಭಾಗದ ತಪಾಸಣೆ. ಅದನ್ನೇ ಹಾಟ್ ಸೆಕ್ಷನ್ ಅನ್ನೋದು. ಒಂದು ಎಂಜಿನ್ ಓವರ್‌ಹಾಲ್‌ಗೆ ಲಕ್ಷಗಟ್ಟಲೆ ಡಾಲರ್ ಆಗುತ್ತದೆ. ಎರಡಕ್ಕೂ ಸೇರಿಸಿದರೆ ಎಷ್ಟೋ ಸಲ ಇಡೀ ವಿಮಾನದ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಎರಡೂ ಎಂಜಿನ್ 3,200 ಗಂಟೆ ಓಡಿರುವ ಅಗ್ಗದ ವಿಮಾನಕ್ಕಿಂತ, 1,000 ಗಂಟೆ ಓಡಿರುವ ದುಬಾರಿ ವಿಮಾನವೇ ನಿಜವಾಗಿ ಅಗ್ಗ.

ಲೆಕ್ಕ ಹೀಗೆ ಹಾಕಿ. ಓವರ್‌ಹಾಲ್‌ಗೆ ಉಳಿದಿರುವ ಗಂಟೆಯನ್ನು ನೀವು ವರ್ಷಕ್ಕೆ ಹಾರುವ ಗಂಟೆಯಿಂದ ಭಾಗಿಸಿ. ಅಷ್ಟು ವರ್ಷಗಳಲ್ಲಿ ಓವರ್‌ಹಾಲ್ ದುಡ್ಡು ಕೂಡಿಡಲು ಆಗುತ್ತಾ? ಆಗದಿದ್ದರೆ ಆ ವಿಮಾನ ನಿಮ್ಮ ಕೈಯಲ್ಲೇ ಸಾಯುತ್ತದೆ ಅಂತ ತಿಳಿದು ಬೆಲೆ ಕಟ್ಟಿ.

ಗಂಟೆಯ ಜೊತೆ ಸೈಕಲ್ ಕೂಡ ಎಣಿಸಬೇಕು. ತಿರುಗುವ ಕೆಲವು ಭಾಗಗಳಿಗೆ ಇಷ್ಟೇ ಸಲ ಸ್ಟಾರ್ಟ್ ಅನ್ನೋ ಆಯಸ್ಸು ಇರುತ್ತದೆ. ಎಂಜಿನ್ ಗಂಟೆ ಕಡಿಮೆ ಇದ್ದು ಸೈಕಲ್ ಜಾಸ್ತಿ ಇದ್ದರೆ, ಓವರ್‌ಹಾಲ್‌ಗೆ ಮುಂಚೆಯೇ ಆ ಭಾಗಗಳನ್ನು ಬದಲಿಸಬೇಕಾಗುತ್ತದೆ.

ಇಂಧನಕ್ಕೆ 501 ಗಂಟೆಗೆ ಸುಮಾರು 120ರಿಂದ 140 ಗ್ಯಾಲನ್ ಅಂತ ಇಟ್ಟುಕೊಳ್ಳಿ, 550ಕ್ಕೆ ಇನ್ನೂ ಜಾಸ್ತಿ. ಆದರೆ ನಿಮ್ಮನ್ನು ಬೀಳಿಸುವುದು ಇಂಧನ ಅಲ್ಲ. ಹಾರದೇ ನಿಂತರೂ ಬರುವ ಖರ್ಚು: ಹ್ಯಾಂಗರ್, ವಿಮೆ, ತರಬೇತಿ, ಕ್ಯಾಲೆಂಡರ್ ಪ್ರಕಾರ ಬರುವ ತಪಾಸಣೆ.

## ಹಂತ 5: ಕಾಗದ ಮೊದಲು, ಲೋಹ ಆಮೇಲೆ

ವಿಮಾನ ನೋಡಲು ಹೋಗುವ ಮುಂಚೆ ಲಾಗ್‌ಬುಕ್‌ಗಳ ಸ್ಕ್ಯಾನ್ ತರಿಸಿಕೊಳ್ಳಿ. ಎಫ್‌ಎಎ ಕಡತದ ಪ್ರತಿಯೂ ಸಿಗುತ್ತದೆ, ಅದನ್ನೂ ತರಿಸಿ. ದೊಡ್ಡ ರಿಪೇರಿ, ಮಾರ್ಪಾಡುಗಳ ದಾಖಲೆ ಅದರಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ.

ಈ ಲಕ್ಷಣ ಕಂಡರೆ ಎಚ್ಚರ:

- ಒಂದು ಲಾಗ್‌ಬುಕ್ "ಕಳೆದುಹೋಗಿದೆ".
- ಆಯಸ್ಸು ನಿಗದಿಯಾದ ಎಂಜಿನ್ ಭಾಗಗಳಿಗೆ ಹುಟ್ಟಿದಾಗಿನಿಂದ ಇವತ್ತಿನವರೆಗಿನ ಲೆಕ್ಕ ಇಲ್ಲ. ಲೆಕ್ಕ ಇಲ್ಲದ ಭಾಗ ಎಷ್ಟು ಹೊಳೆಯುತ್ತಿದ್ದರೂ ಬಳಕೆಗೆ ಬಾರದು.
- ಎರಡು ಮೂರು ವರ್ಷ ವಿಮಾನ ಹಾರೇ ಇಲ್ಲ, ಎಂಜಿನ್ ಸಂರಕ್ಷಣೆ ಮಾಡಿದ ದಾಖಲೆಯೂ ಇಲ್ಲ.
- ವರ್ಷವರ್ಷವೂ ಒಂದೇ ಕೈ, ಒಂದೇ ಸಾಲು ಬರಹ. ನಿಜವಾಗಿ ಬಿಚ್ಚಿ ನೋಡಿದವರು ಏನಾದರೂ ಬರೆದಿರುತ್ತಾರೆ.

ವಿಮಾನದ ಮೇಲೆ ಸಾಲ ಇದೆಯಾ ಅಂತ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ರಿಜಿಸ್ಟ್ರಿಯಲ್ಲಿ ಹುಡುಕಿಸಿ. ಹಳೆಯ ಮಾಲೀಕರೊಬ್ಬರ ಸಾಲ ತೀರಿದ ಕಾಗದ ಸೇರಿಸದೇ ಹೋಗಿದ್ದರೂ ಮಾರಾಟ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

## ಹಂತ 6: ಕೊಳ್ಳುವ ಮುಂಚಿನ ತಪಾಸಣೆ

ಮಾರುವವರು ಇಷ್ಟು ವರ್ಷ ಕೆಲಸ ಮಾಡಿಸಿದ ಕಡೆಯಲ್ಲೇ ಇದನ್ನು ಮಾಡಿಸಬೇಡಿ. ತಮ್ಮ ಕೆಲಸದಲ್ಲಿ ತಾವೇ ತಪ್ಪು ಹುಡುಕುವುದು ಯಾರಿಗೂ ಕಷ್ಟ. "ಈಗಷ್ಟೇ ತಪಾಸಣೆ ಆಗಿದೆ, ಮತ್ತೆ ಯಾಕೆ" ಅಂದರೆ ಒಪ್ಪಬೇಡಿ.

ಸೈಟೇಶನ್ ನಿರ್ವಹಣೆ ಐದು ತಪಾಸಣೆ ಕಂತುಗಳಲ್ಲಿ, ಅಂದರೆ ಫೇಸ್ 1ರಿಂದ 5ರವರೆಗೆ ಹಂಚಿಕೊಂಡಿದೆ. ಮೊದಲ ನಾಲ್ಕು ಸಾಮಾನ್ಯವಾಗಿ 24 ತಿಂಗಳಿಗೆ, ಐದನೆಯದು 36 ತಿಂಗಳಿಗೆ ಬರುತ್ತವೆ. ಗಂಟೆಯ ಮಿತಿ ಬೇರೆ ಇದೆ. ಐದೂ ಫೇಸ್ ಒಟ್ಟಿಗೆ ಮಾಡಿಸಿ ಕೊಳ್ಳುವುದು ಒಳ್ಳೆಯದು. ವಿಮಾನ ಪೂರ್ತಿ ತೆರೆದುಕೊಳ್ಳುತ್ತದೆ, ನಿಮ್ಮ ಮುಂದಿನ ಗಡುವುಗಳೂ ಹೊಸದಾಗಿ ಶುರುವಾಗುತ್ತವೆ. ಸಿಕ್ಕ ತಪ್ಪುಗಳಲ್ಲಿ ಯಾವುದರ ಖರ್ಚು ಯಾರದು ಅಂತ ಒಪ್ಪಂದದಲ್ಲಿ ಮುಂಚೆಯೇ ಬರೆಸಿಕೊಳ್ಳಿ. ಹಾರಾಟಕ್ಕೆ ಅಡ್ಡಿಯಾಗುವ ದೋಷ ಮಾರುವವರದು ಅನ್ನೋದು ವಾಡಿಕೆ.

ಮೆಕ್ಯಾನಿಕ್ ಜೊತೆ ನೀವೂ ಹೋಗಿ. ಇವನ್ನು ಕಣ್ಣಾರೆ ನೋಡಿ:

ತುಕ್ಕು. ಅಲ್ಯೂಮಿನಿಯಂ ತುಕ್ಕು ಕೆಂಪಗಿರುವುದಿಲ್ಲ. ಬಿಳಿ ಪುಡಿಯ ಹಾಗೆ ಇರುತ್ತದೆ, ಇಲ್ಲವೇ ಬಣ್ಣದ ಕೆಳಗೆ ಗುಳ್ಳೆ ಎದ್ದಿರುತ್ತದೆ. ಟಾಯ್ಲೆಟ್ ಮತ್ತು ತಿಂಡಿ ಕಪಾಟಿನ ಕೆಳಗಿನ ನೆಲ, ಬ್ಯಾಟರಿ ಗೂಡು, ಚಕ್ರದ ಗೂಡು, ಹೊಟ್ಟೆಯ ಕೆಳಭಾಗ ಇವನ್ನು ಬಿಡಬೇಡಿ. ಕಾರ್ಪೆಟ್ ಎತ್ತಿಸಿ. ಫ್ಲಾರಿಡಾ ಥರದ ಕಡಲತೀರದಲ್ಲಿ ವರ್ಷಗಟ್ಟಲೆ ಇದ್ದ ವಿಮಾನವಾದರೆ ಇನ್ನೂ ಹುಷಾರು.

ಎಂಜಿನ್ ಒಳಗೆ. ಬೋರ್‌ಸ್ಕೋಪ್ ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆ. ಅದನ್ನು ಒಳಗೆ ಬಿಟ್ಟು ಉರಿಯುವ ಭಾಗ, ಟರ್ಬೈನ್ ಬ್ಲೇಡ್ ನೋಡಿಸಿ, ಚಿತ್ರ ಇಟ್ಟುಕೊಳ್ಳಿ. ಎಣ್ಣೆಯಲ್ಲಿ ಲೋಹದ ಚೂರು ಇದೆಯಾ ನೋಡಿಸಿ. ಆಮೇಲೆ ಎಂಜಿನ್ ಓಡಿಸಿ, ಪೂರ್ತಿ ಶಕ್ತಿಯಲ್ಲಿ ಎರಡೂ ಕಡೆಯ ತಾಪಮಾನ ಹೋಲಿಸಿ.

ಮುಂದಿನ ಗಾಜು. ಸಣ್ಣ ಬಿರುಕಿನ ಜಾಲ ಸೂರ್ಯನ ಬೆಳಕಿಗೆ ಓರೆಯಾಗಿ ನೋಡಿದರೆ ಕಾಣುತ್ತದೆ. ಅದು ಗಾಜಲ್ಲ, ಅಕ್ರಿಲಿಕ್. ಸಿಕ್ಕಸಿಕ್ಕ ಕ್ಲೀನರ್ ಹಾಕಿ ಒರೆಸಿದರೆ ಹಾಳಾಗುತ್ತದೆ. ಬದಲಿಸುವುದು ದುಬಾರಿ.

ಆಮ್ಲಜನಕ. ಸಿಲಿಂಡರ್ ಮೇಲಿನ ಪರೀಕ್ಷೆಯ ದಿನಾಂಕ ಓದಿ. ಹಗುರ ಮಾದರಿಯ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಪರೀಕ್ಷೆ, 24 ವರ್ಷಕ್ಕೆ ಆಯಸ್ಸು ಮುಗಿಯುತ್ತದೆ. ಪೈಲಟ್ ಮಾಸ್ಕ್ ತೆಗೆದು ಹಾಕಿಕೊಂಡು ಉಸಿರಾಡಿ ನೋಡಿ.

ಇಂಧನ ಟ್ಯಾಂಕ್ ಇರುವುದು ರೆಕ್ಕೆಯ ಒಳಗೇ. ರೆಕ್ಕೆಯ ಕೆಳಗೆ ಕಲೆ ಇದ್ದರೆ ಸೋರುತ್ತಿರಬಹುದು.

## ಹಂತ 7: ಹಣ ಕೈಬದಲಾಯಿಸೋದು

ಇದು ಚಿಕ್ಕ ಹಂತ. ಹಣ ಎಸ್ಕ್ರೋಗೆ, ಸಹಿ ಮಾಡಿದ ಮಾರಾಟಪತ್ರವೂ ಎಸ್ಕ್ರೋಗೆ. ಎರಡೂ ಬಂದ ಮೇಲೆ ಒಂದೇ ದಿನ ಬದಲಾವಣೆ. ರಾಜ್ಯದ ಮಾರಾಟ ತೆರಿಗೆ ಎಲ್ಲಿ, ಎಷ್ಟು ಅಂತ ಮುಂಚೆಯೇ ತಿಳಿದುಕೊಳ್ಳಿ. ಹಣ ಕೈಬದಲಾದ ಕ್ಷಣದಿಂದಲೇ ವಿಮೆ ಜಾರಿಯಲ್ಲಿರಬೇಕು.

## ಹಂತ 8: ತರಬೇತಿಗೆ ಅವಸರ ಬೇಡ

ಅಮೆರಿಕದಲ್ಲಿ ಪ್ರತಿ ಜೆಟ್‌ಗೂ ಟೈಪ್ ರೇಟಿಂಗ್ ಬೇಕು. ಪ್ರಜೆಯಲ್ಲದವರು, ಗ್ರೀನ್ ಕಾರ್ಡ್ ಇದ್ದರೂ, ತರಬೇತಿಗೆ ಮುಂಚೆ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಅನುಮತಿಯ ವಿಷಯ ಶಾಲೆಯಲ್ಲಿ ಕೇಳಿ. ರೇಟಿಂಗ್ ಬಂದ ಮೇಲೂ 12 ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಒಬ್ಬರೇ ಹಾರಿಸುವ ಜೆಟ್‌ಗೂ ಇದು ಅನ್ವಯ.

1979ರ ಆಗಸ್ಟ್ 2ರಂದು ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಕ್ಯಾಚರ್ ಥರ್ಮನ್ ಮನ್ಸನ್ ಒಹಾಯೋದ ಆಕ್ರನ್-ಕ್ಯಾಂಟನ್ ನಿಲ್ದಾಣದಲ್ಲಿ ತಮ್ಮ 501 ವಿಮಾನದಲ್ಲಿ ಅಭ್ಯಾಸ ಮಾಡುತ್ತಿದ್ದರು. ವಿಮಾನ ಬಂದು ಕೆಲವೇ ವಾರ ಆಗಿತ್ತು. ರೆಕ್ಕೆಯ ಹಿಂದಿನ ಫ್ಲ್ಯಾಪ್ ಬಿಡದೇ ಇಳಿಯಲು ಬಂದರು, ವೇಗ ಕುಸಿಯಿತು, ರನ್‌ವೇಗೆ ಮುಂಚೆಯೇ ವಿಮಾನ ನೆಲಕ್ಕೆ ಬಿತ್ತು. ಅವರು ತೀರಿಕೊಂಡರು. ವಯಸ್ಸು 32. ವೇಗ ಕಾಯ್ದುಕೊಳ್ಳಲಿಲ್ಲ, ಚೆಕ್‌ಲಿಸ್ಟ್ ಬಳಸಲಿಲ್ಲ ಅಂತ ತನಿಖೆ ಹೇಳಿತು. ವಿಮಾನದಲ್ಲಿ ದೋಷ ಇರಲಿಲ್ಲ.

ಜೆಟ್ ಎಂಜಿನ್ ಪ್ರೊಪೆಲರ್ ಎಂಜಿನ್ ಥರ ತಕ್ಷಣ ಎಚ್ಚರಗೊಳ್ಳುವುದಿಲ್ಲ. ಐಡಲ್‌ನಿಂದ ಶಕ್ತಿ ಬರಲು ಹಲವು ಸೆಕೆಂಡು ಬೇಕು. ಪ್ರೊಪೆಲರ್ ವಿಮಾನದಿಂದ ಬಂದವರಿಗೆ ಈ ಅಭ್ಯಾಸ ಬದಲಾಗಲು ಸಮಯ ಹಿಡಿಯುತ್ತದೆ. ವಿಮೆಯವರು ಹೇಳಿದ ಗಂಟೆ ಮುಗಿದರೂ ಪಕ್ಕದ ಪೈಲಟ್‌ನ್ನು ಬಿಡಬೇಡಿ. ಕೆಟ್ಟ ಹವಾಮಾನದಲ್ಲಿ, ರಾತ್ರಿಯಲ್ಲಿ, ಚಿಕ್ಕ ರನ್‌ವೇಯಲ್ಲಿ ಅವರ ಜೊತೆ ಹಾರಿದ ಮೇಲೆ ನಿರ್ಧಾರ ಮಾಡಿ.

## ಹಂತ 9: ಹಾರಾಟದಲ್ಲಿ ತಪ್ಪುವ ನಾಲ್ಕು ಜಾಗ

ಇಂಧನ ತುಂಬಿಸುವಾಗ. ಈ ಸೈಟೇಶನ್‌ಗಳ ಇಂಧನಕ್ಕೆ ಹಿಮ ತಡೆಯುವ ದ್ರವ ಬೆರೆಸಬೇಕು. ಎಲ್ಲರೂ ಅದನ್ನು ಪ್ರಿಸ್ಟ್ ಅಂತಲೇ ಕರೆಯುತ್ತಾರೆ. ಕೇಳದಿದ್ದರೆ ಎಷ್ಟೋ ಕಡೆ ಹಾಕುವುದಿಲ್ಲ. ಟ್ಯಾಂಕರ್ ಬಂದಾಗ ಪಕ್ಕದಲ್ಲೇ ನಿಂತು ಕೇಳಿ.

ಸ್ಟಾರ್ಟ್ ಮಾಡುವಾಗ. ಬ್ಯಾಟರಿ 24 ವೋಲ್ಟ್‌ಗಿಂತ ಕಡಿಮೆ ಇದ್ದರೆ ನಿಲ್ಲಿಸಿ, ಹೊರಗಿನ ವಿದ್ಯುತ್ ಗಾಡಿ ತರಿಸಿ. ಸೋತ ಬ್ಯಾಟರಿ ಎಂಜಿನ್‌ನ್ನು ನಿಧಾನವಾಗಿ ತಿರುಗಿಸುತ್ತದೆ, ಗಾಳಿ ಸಾಲದೇ ಒಳಗಿನ ತಾಪಮಾನ ಏರುತ್ತದೆ. ಹಿಂದಿನಿಂದ ಜೋರು ಗಾಳಿ ಬೀಸುತ್ತಿದ್ದರೂ ಅದೇ ಕಥೆ, ಹಾಗಾಗಿ ಮೂಗನ್ನು ಗಾಳಿಗೆ ತಿರುಗಿಸಿ. ಥ್ರಾಟಲ್ ಐಡಲ್‌ಗೆ ತಂದ ಮೇಲೆ ಕಣ್ಣು ತಾಪಮಾನದ ಮೇಲೇ ಇರಲಿ. ಸೂಜಿ ಮಿತಿಯ ಕಡೆ ಓಡುತ್ತಿದ್ದರೆ "ನೋಡೋಣ" ಅನ್ನಬೇಡಿ. ಥ್ರಾಟಲ್ ಆಫ್, ಸ್ಟಾರ್ಟರ್ ತಿರುಗುತ್ತಲೇ ಇರಲಿ. ಕೆಲವೇ ಸೆಕೆಂಡು ತಡವಾದರೂ ಹಾಟ್ ಸೆಕ್ಷನ್ ಸುಟ್ಟುಹೋಗಬಹುದು.

ಮೇಲೇರುವಾಗ. ಕ್ಯಾಬಿನ್ ಒತ್ತಡವನ್ನು 10,000 ಅಡಿಯಲ್ಲಿ, 18,000ದಲ್ಲಿ, ಮತ್ತೆ ಮೇಲೆ ಮುಟ್ಟಿದಾಗ ನೋಡಿ. ಬಾಗಿಲ ಹತ್ತಿರ ಸುಯ್ ಅನ್ನೋ ಸದ್ದು ದಿನೇದಿನೇ ಜಾಸ್ತಿ ಆಗುತ್ತಿದ್ದರೆ ಸೀಲ್ ಸೋತಿದೆ. 35,000 ಅಡಿಯಲ್ಲಿ ಒತ್ತಡ ಹೋದರೆ ಬುದ್ಧಿ ಕೆಲಸ ಮಾಡುವುದು 30ರಿಂದ 60 ಸೆಕೆಂಡು. ಅದಕ್ಕೇ 35,000 ಅಡಿ ದಾಟಿದರೆ ಒಬ್ಬರೇ ಇರುವ ಪೈಲಟ್ ಮಾಸ್ಕ್ ಹಾಕಿಕೊಂಡೇ ಇರಬೇಕು. ಇದು ನಿಯಮ. ಕಿರಿಕಿರಿ ಅಂತ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ.

2023ರ ಜೂನ್ 4ರಂದು ಟೆನೆಸ್ಸಿಯಿಂದ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ಗೆ ಹೊರಟ 1990ರ ಸೈಟೇಶನ್ 560 ಒಂದು ಮೇಲೇರುವಾಗಲೇ ರೇಡಿಯೋದಲ್ಲಿ ಉತ್ತರಿಸುವುದು ನಿಲ್ಲಿಸಿತು. ಲಾಂಗ್ ಐಲ್ಯಾಂಡ್ ಮೇಲೆ ತಿರುಗಿ, ವಾಷಿಂಗ್ಟನ್ ದಾಟಿ, ವರ್ಜೀನಿಯಾದ ಬೆಟ್ಟದಲ್ಲಿ ಬಿತ್ತು. ನಾಲ್ವರು ತೀರಿಕೊಂಡರು. ಒತ್ತಡ ಹೋಗಿ ಪೈಲಟ್ ಪ್ರಜ್ಞೆ ತಪ್ಪಿದ್ದರು ಅಂತ ತನಿಖೆ ಹೇಳಿತು. ಕೆಲವು ವಾರ ಮುಂಚಿನ ತಪಾಸಣೆಯಲ್ಲಿ ಪೈಲಟ್ ಬದಿಯ ಆಮ್ಲಜನಕ ಮಾಸ್ಕ್ ಅದರ ಜಾಗದಲ್ಲಿ ಇರಲಿಲ್ಲ. ಹಂತ 6ರಲ್ಲಿ ಮಾಸ್ಕ್ ಹಾಕಿ ಉಸಿರಾಡಿ ನೋಡಿ ಅಂದಿದ್ದು ಇದಕ್ಕೇ.

ಇಳಿಯುವಾಗ. ವೇಗ 10 ಶೇಕಡಾ ಹೆಚ್ಚಿದರೆ ಬ್ರೇಕ್ ನುಂಗಬೇಕಾದ ಶಕ್ತಿ 21 ಶೇಕಡಾ ಹೆಚ್ಚುತ್ತದೆ. ಹಳೆಯ ಸೈಟೇಶನ್‌ಗಳಲ್ಲಿ ಹಲವಕ್ಕೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್ ಇಲ್ಲ, ಎಲ್ಲಾ ಭಾರ ಬ್ರೇಕ್ ಮೇಲೇ. ಬಾಡಿಗೆ ಜೆಟ್‌ಗಳಿಗಿರುವ ಲೆಕ್ಕವನ್ನು ನೀವೂ ಪಾಲಿಸಿ: ರನ್‌ವೇಯ 60 ಶೇಕಡಾ ಉದ್ದದಲ್ಲಿ ನಿಲ್ಲುವಂತಿರಬೇಕು. ವಿಮಾನದ ಪುಸ್ತಕ 3,000 ಅಡಿ ಅಂದರೆ ನಿಮಗೆ 5,000 ಅಡಿ ಬೇಕು. ಒದ್ದೆ ಇದ್ದರೆ ಇನ್ನೂ ಜಾಸ್ತಿ. 500 ಅಡಿ ಎತ್ತರದಲ್ಲಿ ವೇಗ, ಗೇರ್, ಫ್ಲ್ಯಾಪ್ ಮೂರೂ ಸರಿ ಇಲ್ಲದಿದ್ದರೆ ಮೇಲೇರಿ, ಸುತ್ತು ಹಾಕಿ ಬನ್ನಿ.

ಮೀಸಲು ಇಂಧನದ 45 ನಿಮಿಷವನ್ನು ಎತ್ತರದ ಲೆಕ್ಕದಲ್ಲಿ ಹಾಕಬೇಡಿ. ಕೆಳಗೆ ಸುತ್ತುವಾಗ ಇಂಧನ ಎಷ್ಟೋ ಬೇಗ ಖಾಲಿಯಾಗುತ್ತದೆ.

## ಹಂತ 10: ಇಟ್ಟುಕೊಂಡಷ್ಟು ದಿನ

ಹಾರಿಸುತ್ತಾ ಇರಿ. ನಿಂತ ಜೆಟ್‌ನಲ್ಲಿ ಸೀಲ್ ಒಣಗುತ್ತದೆ, ತೇವ ಸೇರಿ ತುಕ್ಕು ಹಿಡಿಯುತ್ತದೆ. ವಾರಗಟ್ಟಲೆ ನಿಲ್ಲಿಸಬೇಕಾದರೆ ಎಂಜಿನ್ ಪುಸ್ತಕದಲ್ಲಿರುವ ಸಂರಕ್ಷಣೆ ಮಾಡಿಸಿ, ಅದನ್ನು ಲಾಗ್‌ಬುಕ್‌ನಲ್ಲಿ ಬರೆಸಿ. ಪ್ರತಿ ಹಾರಾಟದಲ್ಲೂ ಒಂದೇ ಎತ್ತರದ ಆಸುಪಾಸಿನಲ್ಲಿ ಎರಡೂ ಎಂಜಿನ್‌ನ ತಾಪಮಾನ, ವೇಗ, ಇಂಧನ ಖರ್ಚು ಬರೆದಿಡಿ. ಒಂದು ಎಂಜಿನ್ ಮೆಲ್ಲಗೆ ಬಿಸಿಯಾಗುತ್ತಾ ಹೋಗುವುದು ಹೀಗೆ ಬರೆದಿಟ್ಟ ಲೆಕ್ಕದಲ್ಲೇ ಮೊದಲು ಗೊತ್ತಾಗೋದು.

ಓವರ್‌ಹಾಲ್‌ಗೆ 300 ಗಂಟೆ ಉಳಿದಾಗ ನಿರ್ಧಾರ ಮಾಡಿ, ಸೊನ್ನೆ ಬಂದಾಗ ಅಲ್ಲ. ಆಗ ದಾರಿ ಮೂರು. ಓವರ್‌ಹಾಲ್ ಮಾಡಿಸೋದು. ದಾಖಲೆ ಪೂರ್ತಿ ಇರುವ, ಗಂಟೆ ಉಳಿದಿರುವ ಬಳಸಿದ ಎಂಜಿನ್ ಹುಡುಕಿ ಹಾಕಿಸೋದು. ಇಲ್ಲವೇ ಬಿಡಿಭಾಗಕ್ಕೆ ಮಾರೋದು. ಮೂರನೆಯದಕ್ಕೆ ಹೋಗುವುದಾದರೆ ಒಂದೇ ಕಡೆ ಕೇಳಬೇಡಿ. ವಿಮಾನ ಬಿಚ್ಚಿ ಮಾರುವ ಇಬ್ಬರು ಮೂವರಿಂದ ಬೆಲೆ ತರಿಸಿ. ಎಂಜಿನ್ ಭಾಗಗಳ ದಾಖಲೆ, ಹೊಸದಾಗಿ ಹಾಕಿಸಿದ ರೇಡಿಯೋ, ಎಡಿಎಸ್-ಬಿ ಪೆಟ್ಟಿಗೆ ಇವನ್ನು ಬೇರೆಬೇರೆಯಾಗಿ ಬೆಲೆ ಕಟ್ಟಿಸಿ, ಲಾಗ್‌ಬುಕ್‌ಗಳನ್ನು ದುಡ್ಡು ಬಂದ ಮೇಲಷ್ಟೇ ಕೊಡಿ.